ಸುಸ್ತು, ದಣಿವು, ನಿತ್ರಾಣ: ಮೂರೂ ಒಂದೇನಾ?

ಪದಪ್ರಿಯೆ (ತುಮಕೂರು)

ಎಲ್ಲರಿಗೂ ನಮಸ್ಕಾರ. "ನಿತ್ರಾಣ" ಅನ್ನುವ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು.

ಹಳ್ಳಿ ಹೆಂಗಸರೇ ಜಾಸ್ತಿ ಬರುವ ಆರೋಗ್ಯ ಶಿಬಿರವೊಂದಕ್ಕೆ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಕೆಲಸ ಮಾಡಿದ ಮೇಲೆ ಆಗುವ ದಣಿವಿನದು. ಇನ್ನೊಂದು, ಏನೂ ಮಾಡದೆ ಕೂತಿದ್ದರೂ ಮೈಯಲ್ಲಿ ಶಕ್ತಿಯೇ ಇಲ್ಲ ಅನಿಸುವುದರದು. ಹಳೆಯ ಕನ್ನಡ ಪ್ರತಿಯಲ್ಲಿ ಎರಡಕ್ಕೂ "ನಿಮಗೆ ಸುಸ್ತಾಗುತ್ತದೆಯೇ?" ಅಂತಲೇ ಬರೆದಿದ್ದಾರೆ. ಹೆಚ್ಚುಕಡಿಮೆ ಎಲ್ಲರೂ ಎರಡಕ್ಕೂ ಹೌದು ಅಂದಿದ್ದಾರೆ. ಹೊಲದ ಕೆಲಸ, ಮನೆ ಕೆಲಸ ಎರಡೂ ಮಾಡುವವರು ಇನ್ನೇನು ಹೇಳಬೇಕು? ಯಾರಿಗೆ ರಕ್ತ ಪರೀಕ್ಷೆ ಬೇಕು ಅಂತ ಆ ಹಾಳೆ ನೋಡಿ ಗೊತ್ತಾಗುವುದೇ ಇಲ್ಲ.

ಎರಡನೆಯದಕ್ಕೆ "ನಿತ್ರಾಣ" ಹಾಕೋಣ ಅಂದರೆ ಜೊತೆಯವರು "ಅದು ಪೇಪರ್ ಭಾಷೆ" ಅನ್ನುತ್ತಾರೆ. ನಮ್ಮ ಅಜ್ಜಿ ಜ್ವರ ಬಿಟ್ಟ ಮೇಲೆ "ಮೈಯೆಲ್ಲಾ ನಿತ್ರಾಣ ಆಗ್ಬಿಟ್ಟಿದೆ ಕಣೇ" ಅನ್ನುತ್ತಿದ್ದರು. ಅವರು ಶಾಲೆಗೆ ಹೋದವರಲ್ಲ. ನಿಮ್ಮ ಕಡೆ ಈ ಪದ ಬಾಯಲ್ಲಿ ಇದೆಯಾ?

ಹಳೇ ಮೈಸೂರಿನವ

ಇದೆ. ಆದರೆ ವಯಸ್ಸಾದವರ ಬಾಯಲ್ಲಿ ಜಾಸ್ತಿ. ನಲವತ್ತರ ಒಳಗಿನವರು ಎಲ್ಲದಕ್ಕೂ ಸುಸ್ತು ಅಂತಲೇ ಅನ್ನುತ್ತಾರೆ. ಮೆಟ್ಟಿಲು ಹತ್ತಿದರೂ ಸುಸ್ತು, ಮೀಟಿಂಗ್ ಮುಗಿದರೂ ಸುಸ್ತು, ಡೆಂಗಿ ಬಂದು ಹೋದರೂ ಸುಸ್ತು. ಹೆಚ್ಚೆಂದರೆ "ಫುಲ್ ಸುಸ್ತು".

ಬೆಣ್ಣಿಹಳ್ಳದ ಓದುಗ (ಧಾರವಾಡ ಕಡೆ)

ನಮ್ಮಲ್ಲಿ ನಿತ್ರಾಣ ಅಂದರೆ ತಿಳಿಯುತ್ತದೆ. ಆದರೆ ಮಾತಿನಲ್ಲಿ ಮೊದಲು ಬರುವುದು "ಕಸುವು". "ಮೈಯಾಗ ಕಸುವಿಲ್ಲ" ಅಂದರೆ ನೀವು ಕೇಳುತ್ತಿರುವ ಎರಡನೆಯ ಪ್ರಶ್ನೆಯೇ. ಕೆಲಸ ಮಾಡಿ ಬಂದವರು ಹಾಗೆ ಅನ್ನುವುದಿಲ್ಲ. ಅವರು "ದಣದೇನಿ" ಅಥವಾ "ಸಾಕಾಗೈತಿ" ಅನ್ನುತ್ತಾರೆ. ಊಟ ಮಾಡಿ ಒಂದು ನಿದ್ದೆ ತೆಗೆದರೆ ಮತ್ತೆ ತಯಾರು. ಕಸುವಿಲ್ಲ ಅಂದವರನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. "ಯಾಕ, ಏನಾತು?" ಅಂತ ಕೇಳುತ್ತಾರೆ. ಹೊಲದ ಮಣ್ಣಿಗೂ ಇದೇ ಮಾತು. ಒಂದೇ ಬೆಳೆ ಹಾಕಿ ಹಾಕಿ ಸಾರ ಹೋದ ಹೊಲಕ್ಕೆ "ಕಸುವಿಲ್ಲದ ಭೂಮಿ" ಅನ್ನುತ್ತಾರೆ.

ಇನ್ನೊಂದು ಪದ "ಹೈರಾಣ". ಇದು ಓಡಾಡಿ, ಅಲೆದಾಡಿ, ತ್ರಾಸು ಪಟ್ಟು ಸಾಕಾದಾಗ ಬರುತ್ತದೆ. ಕಚೇರಿಯಿಂದ ಕಚೇರಿಗೆ ತಿರುಗಿದರೆ ಹೈರಾಣ. ಅದರಲ್ಲಿ ಮೈಯ ದಣಿವಿಗಿಂತ ತಲೆಯ ದಣಿವು ಜಾಸ್ತಿ.

ಕನ್ನಡ ಮೇಷ್ಟ್ರು (ಶಿವಮೊಗ್ಗ)

ನಿತ್ರಾಣವನ್ನು ಪೇಪರ್ ಭಾಷೆ ಅನ್ನುವವರಿಗೆ ಒಂದು ಮಾತು ಹೇಳಿ. ಶಾಲೆ ನೋಡದ ಅಜ್ಜಿಯ ಬಾಯಿಗೆ ಒಂದು ಪದ ಸಲೀಸಾಗಿ ಬರುತ್ತದೆ ಅಂದರೆ ಅದು ಊರಿನ ಮಾತು. ಅದು ಎಲ್ಲಿಂದ ಬಂತು ಅನ್ನುವುದು ಆಮೇಲಿನ ವಿಷಯ.

ಎಲ್ಲಿಂದ ಬಂತು ಅನ್ನುವುದೂ ಚೆನ್ನಾಗಿದೆ. ಸಂಸ್ಕೃತದಲ್ಲಿ ತ್ರಾಣ ಅಂದರೆ ಕಾಪಾಡುವುದು. ಗೀತೆಯ "ಪರಿತ್ರಾಣಾಯ ಸಾಧೂನಾಂ" ಕೇಳದವರು ಕಡಿಮೆ. ತಲೆಯನ್ನು ಕಾಯುವುದು ಶಿರಸ್ತ್ರಾಣ. ಕಾಲನ್ನು ಕಾಯುವುದು ಪಾದತ್ರಾಣ. ಇಲ್ಲೆಲ್ಲ ಬಲದ ಮಾತೇ ಇಲ್ಲ. ಕನ್ನಡಕ್ಕೆ ಬಂದ ಮೇಲೆ ತ್ರಾಣ ಅಂದರೆ ಮೈಯೊಳಗಿನ ಶಕ್ತಿ ಅಂತಾಯಿತು. ಮರಾಠಿಯಲ್ಲೂ ತೆಲುಗಿನಲ್ಲೂ ಈ ಅರ್ಥ ಇದೆ. ಶಿರಸ್ತ್ರಾಣ ಅಂತ ಪಾಠದಲ್ಲಿ ಬಂದಾಗ ಮಕ್ಕಳು "ತಲೆಗೆ ಶಕ್ತಿ ಕೊಡುವುದು" ಅಂತ ಅರ್ಥ ಬರೆಯುವುದು ಇದಕ್ಕೇ. ಅವರಿಗೆ ಮನೆಯಲ್ಲಿ ಗೊತ್ತಿರುವ ತ್ರಾಣ ಅದೇ.

ಬಳಕೆಯಲ್ಲಿ ಒಂದು ವಿಶೇಷ ನೋಡಿ. ತ್ರಾಣ ಅನ್ನುವುದನ್ನು ನಾವು ಬಹಳ ಸಲ "ಇಲ್ಲ" ಜೊತೆಗೇ ಆಡುತ್ತೇವೆ. "ಎದ್ದು ನಿಲ್ಲೋಕೂ ತ್ರಾಣ ಇಲ್ಲ." "ಮಾತಾಡುವ ತ್ರಾಣ ಉಳಿದಿಲ್ಲ." ಇದೆ ಅನ್ನುವಾಗಲೂ ಮುಗಿಯುವುದರ ಸೂಚನೆ ಇರುತ್ತದೆ: "ತ್ರಾಣ ಇರೋವರೆಗೆ ದುಡೀತೀನಿ." ಗಟ್ಟಿಮುಟ್ಟಾದ ಹುಡುಗನನ್ನು ನೋಡಿ "ಎಷ್ಟು ತ್ರಾಣ!" ಅಂತ ಹೊಗಳುವವರನ್ನು ನಾನು ಕಂಡಿಲ್ಲ. ಅವನಿಗೆ ಕಸುವು, ಬಲ, ತಾಕತ್ತು.

ವ್ಯಾಕರಣದಲ್ಲೂ ವ್ಯತ್ಯಾಸ ಇದೆ. ದಣಿ, ಬಳಲು, ಸೋಲು ಇವು ಕ್ರಿಯಾಪದಗಳು. "ನಾನು ದಣಿದೆ", "ನಾನು ಬಳಲಿದೆ" ಅನ್ನುತ್ತೇವೆ. ಸುಸ್ತು, ಆಯಾಸ, ನಿತ್ರಾಣ ಇವು ನಮಗೆ ಆಗುವಂಥವು. "ನನಗೆ ಸುಸ್ತಾಯಿತು", "ನನಗೆ ನಿತ್ರಾಣ ಆಗಿದೆ." ದಣಿದವನು ಏನೋ ಮಾಡಿ ದಣಿದಿರುತ್ತಾನೆ. ನಿತ್ರಾಣ ಆಗಲು ಏನೂ ಮಾಡಬೇಕಾಗಿಲ್ಲ. ನಿಮ್ಮ ಎರಡು ಪ್ರಶ್ನೆಗಳ ನಡುವಿನ ಗೆರೆ ಇಲ್ಲೇ ಇದೆ.

ಪದಪ್ರಿಯೆ

ಮೇಷ್ಟ್ರೇ, ಇದು ತುಂಬಾ ಉಪಯೋಗ ಆಯಿತು. "ಸೋಲು" ಕೂಡ ಸೇರಿಸಿದ್ದೀರಿ. ಸೋಲು ಅಂದರೆ ಆಟದಲ್ಲಿ ಸೋಲುವುದು ಅಲ್ವಾ?

ಕನ್ನಡ ಮೇಷ್ಟ್ರು

ಎರಡೂ. "ನಡೆದು ನಡೆದು ಕಾಲು ಸೋತವು", "ಹೊಲಿದು ಹೊಲಿದು ಕಣ್ಣು ಸೋತವು" ಅನ್ನುವುದಿಲ್ಲವೇ? ಎರಡೂ ಕೂಡಿದ್ದೇ "ಸೋತು ಸುಣ್ಣವಾದ". ಬಳಲಿದವನು ಬೆಂಡಾಗುತ್ತಾನೆ, ಸೋತವನು ಸುಣ್ಣವಾಗುತ್ತಾನೆ, ತೀರಾ ಸಾಕಾದವನು ಹಣ್ಣುಗಾಯಿ ನೀರುಗಾಯಿ ಆಗುತ್ತಾನೆ. ಈ ಸಂಪತ್ತು ಇಟ್ಟುಕೊಂಡು ನಾವು ಸುಸ್ತು ಒಂದರಲ್ಲೇ ಕೂತಿದ್ದೇವೆ.

ಸಹಕಾರ ಸಂಘದ ಕಾರ್ಯದರ್ಶಿ

ಸುಸ್ತು ಪದವನ್ನು ಅಷ್ಟು ಕೆಳಗೆ ಹಾಕಬೇಡಿ. ಅದಕ್ಕೂ ದೊಡ್ಡ ಕಥೆ ಇದೆ, ಮತ್ತು ಅದು ನನ್ನ ಕೆಲಸದ್ದೇ.

ಸುಸ್ತ್ ಫಾರ್ಸಿ ಪದ. ಸಡಿಲ, ಮಂದ, ನಿಧಾನ ಅಂತ ಅರ್ಥ. ಸಡಿಲ ಬಿದ್ದ ಮೈಗೆ ನಾವು ಸುಸ್ತು ಅಂದೆವು. ಸಡಿಲ ಬಿದ್ದ ಸಾಲಕ್ಕೆ ಏನಂದೆವು? "ಸುಸ್ತಿ". ಗಡುವು ದಾಟಿದ ಸಾಲ ಸುಸ್ತಿ ಸಾಲ. ಅದರ ಮೇಲೆ ಬೀಳುವುದು ಸುಸ್ತಿ ಬಡ್ಡಿ. ಕಟ್ಟದವರು ಸುಸ್ತಿದಾರರು. ಇದು ಬರೀ ಆಡುಮಾತಲ್ಲ, ನಮ್ಮ ನೋಟಿಸಿನಲ್ಲಿ, ಲೆಕ್ಕದ ಪುಸ್ತಕದಲ್ಲಿ, ಸಹಕಾರ ಕಾನೂನಿನಲ್ಲಿ ಇರುವ ಪದ. ಸುಸ್ತಿದಾರರಾದವರು ಸಂಘದ ಆಡಳಿತ ಮಂಡಳಿ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಬಾಕಿ, ವಸೂಲಿ, ಜಪ್ತಿ ಇವೆಲ್ಲ ಇದರ ಒಡಹುಟ್ಟುಗಳು. ಬಿಜಾಪುರದ ಆದಿಲ್‌ಶಾಹಿ, ಮರಾಠರು, ಹೈದರ್-ಟಿಪ್ಪು ಕಾಲದ ಕಚೇರಿಗಳ ಮೂಲಕ ಇಂಥ ಪದಗಳು ನಮ್ಮ ಕಂದಾಯದ ಭಾಷೆಗೆ ಬಂದು ಕೂತವು.

ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ರೈತರ ಸಾಲದ ಮಾತಿನಲ್ಲಿ ಸುಸ್ತಿ ಉಳಿದಿದೆ. ನಾನು ಕೌಂಟರ್ ಆಚೆ ನಿಂತವರನ್ನು ದಿನಾ ನೋಡುತ್ತೇನೆ. ಮಳೆ ಕೈಕೊಟ್ಟ ವರ್ಷ ಸುಸ್ತಿದಾರ ಅಂತ ಕರೆಸಿಕೊಂಡವರಲ್ಲಿ ಸೋಮಾರಿಗಳು ಯಾರೂ ಇರುವುದಿಲ್ಲ. ದುಡಿದು ಸುಸ್ತಾದವರೇ ಇರುತ್ತಾರೆ. ನೋಟಿಸಿನ ಮೇಲೆ ಆ ಪದ ಬರೆಯುವಾಗ ನನಗೆ ಕಷ್ಟ ಆಗುತ್ತದೆ.

ಪುಣೆ ಕನ್ನಡಿಗ

ಕಾರ್ಯದರ್ಶಿಗಳು ಹೇಳಿದ "ಸಡಿಲ, ಮಂದ" ಅರ್ಥ ಹಿಂದಿ, ಮರಾಠಿಯಲ್ಲಿ ಹಾಗೇ ಉಳಿದಿದೆ. ಅಲ್ಲಿ ಸುಸ್ತ್ ಅಂದರೆ ಚುರುಕಿಲ್ಲದ, ಜಡ. ಅದರ ಎದುರು ಪದ ಚುಸ್ತ್. ಇಲ್ಲಿಗೆ ಹೊಸದಾಗಿ ಬರುವ ಕನ್ನಡದ ಹುಡುಗರು ಕೆಲಸ ಮುಗಿದ ಮೇಲೆ ಹಿಂದಿಯಲ್ಲಿ "ನಾನು ಸುಸ್ತ್" ಅಂದುಬಿಡುತ್ತಾರೆ. ಹನ್ನೆರಡು ಗಂಟೆ ದುಡಿದ ಹುಡುಗ ತಾನು ಸೋಮಾರಿ ಅಂತ ತಾನೇ ಹೇಳಿಕೊಂಡ ಹಾಗಾಗುತ್ತದೆ. ಅಲ್ಲಿ ಹೇಳಬೇಕಾದದ್ದು ಥಕ್ ಗಯಾ. ಮೊದಲ ವಾರದಲ್ಲೇ ಅವರಿಗೆ ಇದನ್ನು ಹೇಳಿಕೊಡುವುದು ಒಳ್ಳೆಯದು.

ಹೈರಾಣ ಕೂಡ ಹಾಗೇ. ಹಿಂದಿಯಲ್ಲಿ ಹೈರಾನ್ ಅಂದರೆ ಬೆರಗಾದವನು. ಮರಾಠಿಗೆ ಬರುವ ಹೊತ್ತಿಗೆ ಕಾಟ ತಿಂದು ಸಾಕಾದವನು. ಧಾರವಾಡದವರು ಹೇಳಿದ್ದು ಈ ಮರಾಠಿ ಅರ್ಥಕ್ಕೆ ಹತ್ತಿರ.

ಬಂಟ್ವಾಳದ ಹುಡುಗಿ

ಕರಾವಳಿಯಿಂದ ಒಂದೆರಡು ಮಾತು. ತುಳುವಿನಲ್ಲಿ ದಣಿವಿಗೆ "ಬಚ್ಚೆಲ್" ಅನ್ನುತ್ತೇವೆ. "ಎಂಕ್ ಬಚ್ಚುಂಡು" ಅಂದರೆ ನನಗೆ ದಣಿವಾಗಿದೆ. ಹವ್ಯಕ ಕನ್ನಡದಲ್ಲೂ ಇದೇ ಪದ ಉಂಟು, "ಕಾಲು ಬಚ್ಚಿತ್ತು" ಅನ್ನುತ್ತಾರೆ. ಇದು ದುಡಿದು ಬರುವ ದಣಿವು ಮಾತ್ರ. ಮೈಯಲ್ಲಿ ಆಗುವುದೇ ಇಲ್ಲ ಅನ್ನುವುದಕ್ಕೆ ಹವ್ಯಕರು "ಎಡಿತ್ತಿಲ್ಲೆ" ಅನ್ನುತ್ತಾರೆ. ನಮ್ಮಲ್ಲೂ ಎರಡಕ್ಕೂ ಬೇರೆ ಬೇರೆ ಮಾತು ಉಂಟು ಅಂತ ಹೇಳಲು ಬರೆದೆ.

ನೇರಮಾತು

ಇಷ್ಟೆಲ್ಲ ಯಾಕೆ? ಏನೂ ಮಾಡದೆ ಸುಸ್ತು ಅಂದರೆ "ಆಲಸ್ಯ" ಅಂತ ಬರೆದರೆ ಮುಗಿಯಿತು. ಸರಳ ಪದ, ಎಲ್ಲರಿಗೂ ಗೊತ್ತು.

ನಿವೃತ್ತ ನರ್ಸಮ್ಮ (ಚಿತ್ರದುರ್ಗ ಜಿಲ್ಲೆ)

ದಯವಿಟ್ಟು ಆಲಸ್ಯ ಅಂತ ಬರೆಯಬೇಡಿ. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ನಾನು ಹಳ್ಳಿ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಏನೂ ಮಾಡದೆ ಸುಸ್ತು ಅಂತ ಬರುವ ಹೆಂಗಸರಿಗೆ ಮನೆಯಲ್ಲಿ ಆಗಲೇ ಹೆಸರು ಇಟ್ಟಿರುತ್ತಾರೆ. ಮೈಗಳ್ಳಿ. ಸೋಮಾರಿ. ಅದನ್ನು ಕೇಳಿ ಕೇಳಿ ಅವರೂ ನಂಬಿರುತ್ತಾರೆ. "ನನಗೇನೋ ಸೋಮಾರಿತನ ಬಂದ್ಬಿಟ್ಟಿದೆ ಸಿಸ್ಟರ್" ಅಂತ ತಲೆ ತಗ್ಗಿಸಿಕೊಂಡು ಹೇಳಿದವರು ಎಷ್ಟೋ ಜನ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೇ ಇಲ್ಲ, ಬಿಳಿಚಿಕೊಂಡಿದೆ. ಉಗುರು ಬಿಳುಪು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಏಳೋ ಎಂಟೋ. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು, ಗರ್ಭಿಣಿಗೆ ಕನಿಷ್ಠ 11 ಇರಬೇಕು. ಅಂಥವಳನ್ನು ಸೋಮಾರಿ ಅನ್ನುವುದು ದೊಡ್ಡ ಅನ್ಯಾಯ.

ಇದು ಒಂದು ಊರಿನ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಜನಕ್ಕೆ ರಕ್ತಹೀನತೆ ಇತ್ತು. ಕಬ್ಬಿಣದ ಅಂಶ ಕಡಿಮೆಯಾದಾಗ ರಕ್ತ ಮೈಗೆ ಬೇಕಾದಷ್ಟು ಆಮ್ಲಜನಕ ಒಯ್ಯುವುದಿಲ್ಲ. ಆಗ ಕೂತಲ್ಲೇ ಶಕ್ತಿ ಇಲ್ಲ ಅನಿಸುತ್ತದೆ. ಥೈರಾಯ್ಡ್ ಕಡಿಮೆ ಆದರೂ ಹಾಗೇ, ಸಕ್ಕರೆ ಕಾಯಿಲೆ ಇದ್ದರೂ ಹಾಗೇ, ಬಿ12 ಕಡಿಮೆಯಾದರೂ ಹಾಗೇ. ಮನಸ್ಸಿನ ಖಿನ್ನತೆ ಇದ್ದರೂ ಹೀಗೇ ಆಗುತ್ತದೆ, ಅದನ್ನಂತೂ ಯಾರೂ ಕೇಳುವುದೇ ಇಲ್ಲ.

ನಾನು ಯಾವತ್ತೂ "ಸುಸ್ತಾ?" ಅಂತ ಕೇಳಿ ಬಿಡುತ್ತಿರಲಿಲ್ಲ. "ರಾತ್ರಿ ಮಲಗಿ ಎದ್ದ ಮೇಲೆ ಹೋಗುತ್ತಾ?" ಅಂತ ಕೇಳುತ್ತಿದ್ದೆ. ದಣಿವಾದರೆ ಹೋಗುತ್ತದೆ. ಹೋಗಲ್ಲ ಅಂದರೆ ಮುಂದಿನ ಪ್ರಶ್ನೆ: "ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ?" ಒಬ್ಬಾಕೆ ಹೇಳಿದಳು, ಮುಂಚೆ ಬೋರ್‌ವೆಲ್‌ನಿಂದ ಸೊಂಟಕ್ಕೊಂದು ತಲೆಗೊಂದು ಕೊಡ ಹೊತ್ತು ಒಂದೇ ಸಲಕ್ಕೆ ಮನೆ ಸೇರುತ್ತಿದ್ದೆ, ಈಗ ಒಂದೇ ಕೊಡ, ಅದನ್ನೂ ದಾರಿಯಲ್ಲಿ ಶಾಲೆ ಕಟ್ಟೆ ಮೇಲೆ ಇಳಿಸಿ ಕೂರುತ್ತೇನೆ ಅಂತ. ಎದೆ ಡವಡವ ಅನ್ನುತ್ತದೆ ಅಂದಳು. ಅಷ್ಟು ಹೇಳಿದ ಮೇಲೆ ಏನು ಪರೀಕ್ಷೆ ಮಾಡಿಸಬೇಕು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಆಕೆಯೂ ಮೊದಲು ಹೇಳಿದ್ದು "ಸುಸ್ತು" ಅಂತಲೇ. ನಿತ್ರಾಣ ಒಳ್ಳೆಯ ಪದ, ಹಾಕಿ. ಅದರಲ್ಲಿ ದೂರು ಇಲ್ಲ, ಬೈಗುಳ ಇಲ್ಲ. ಶಕ್ತಿ ಇಲ್ಲ ಅಂತ ಮಾತ್ರ ಹೇಳುತ್ತದೆ.

ನೇರಮಾತು

ಅಮ್ಮಾ, ನಾನು ಆ ಅರ್ಥದಲ್ಲಿ ಹೇಳಲಿಲ್ಲ. ನಮ್ಮ ತಾತನ ಹಳೆಯ ಕಾಗದಗಳಲ್ಲಿ "ದೇಹಾಲಸ್ಯದ ಕಾರಣ ಬರಲಾಗಲಿಲ್ಲ" ಅಂತ ಇರುತ್ತಿತ್ತು. ಅಲ್ಲಿ ಆಲಸ್ಯ ಅಂದರೆ ಹುಷಾರಿಲ್ಲ ಅಂತ ಅರ್ಥ. ಆ ಬಳಕೆ ನೆನಪಿಟ್ಟುಕೊಂಡು ಹೇಳಿದೆ.

ಕನ್ನಡ ಮೇಷ್ಟ್ರು

ದೇಹಾಲಸ್ಯ ಅನ್ನುವ ಬಳಕೆ ಖಂಡಿತ ಇತ್ತು, ಬಹಳ ಮರ್ಯಾದೆಯ ಪದ. ಆದರೆ ಬರೀ ಆಲಸ್ಯ ಅಂದರೆ ಇವತ್ತು ಜನ ಸೋಮಾರಿತನ ಅಂತಲೇ ತಿಳಿಯುತ್ತಾರೆ. ನರ್ಸಮ್ಮನವರ ಮಾತೇ ಸರಿ. ಪ್ರಶ್ನೆ ಓದುವವರು ಇವತ್ತಿನವರು.

ಬೆಣ್ಣಿಹಳ್ಳದ ಓದುಗ

ಇದಕ್ಕೆ ಹತ್ತಿರದ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ "ಜಡ್ಡು" ಅಂದರೆ ಕಾಯಿಲೆ. "ಜಡ್ಡಾಗೇತಿ" ಅಂದರೆ ಹುಷಾರಿಲ್ಲ. ಮೈಸೂರು ಕಡೆ ಜಡ್ಡು ಅಂದರೆ ಮರಗಟ್ಟಿದ ಚರ್ಮ, ಜಡ್ಡುಗಟ್ಟಿದ ಮನಸ್ಸು ಅಂತೆಲ್ಲ. ಒಂದೇ ಪ್ರಶ್ನಾವಳಿ ರಾಜ್ಯಕ್ಕೆಲ್ಲ ಹೋಗುವುದಾದರೆ ಇಂಥ ಪದ ಬಿಡಬೇಕು.

ಕಾಫಿತೋಟದವ (ಸಕಲೇಶಪುರ)

ಗಿಡಗಳ ಕಡೆಯಿಂದ ಒಂದು ಪದ ಕೊಡುತ್ತೇನೆ, "ಸೊರಗು". ಕಾಳುಮೆಣಸಿನ ಬಳ್ಳಿಗೆ ಬರುವ ಸೊರಗು ರೋಗ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೇರು ಕೊಳೆತರೆ ಮಣ್ಣಿನಲ್ಲಿ ನೀರಿದ್ದರೂ ಬಳ್ಳಿಗೆ ಏರುವುದಿಲ್ಲ. ಎಲೆ ಜೋತು ಬೀಳುತ್ತದೆ. ಬಿಸಿಲಿಗೆ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಳ್ಳುತ್ತದೆ, ಸೊರಗಿದ ಬಳ್ಳಿ ಚೇತರಿಸಿಕೊಳ್ಳುವುದಿಲ್ಲ. ನರ್ಸಮ್ಮನವರ "ಮಲಗಿ ಎದ್ದರೆ ಹೋಗುತ್ತಾ" ಓದಿದಾಗ ಇದೇ ನೆನಪಾಯಿತು. ತೋಟದ ಕೆಲಸಕ್ಕೆ ಬರುವವರ ಬಗ್ಗೆಯೂ "ಯಾಕೋ ಸೊರಗಿ ಹೋಗಿದ್ದಾಳೆ" ಅನ್ನುತ್ತೇವೆ. ಅದು ಒಂದು ದಿನದ ಮಾತಲ್ಲ, ತಿಂಗಳುಗಟ್ಟಲೆ ಇಳಿದದ್ದು.

ಹಳೇ ಮೈಸೂರಿನವ

ಪೇಪರ್‌ನಲ್ಲಿ ನಿತ್ರಾಣ ಎಲ್ಲಿ ಬರುತ್ತದೆ ಅಂತ ಗಮನಿಸಿದ್ದೀರಾ? ಜಮೀನಿನಲ್ಲಿ ನಿತ್ರಾಣಗೊಂಡು ಬಿದ್ದ ಕಾಡಾನೆ, ಉರುಳಿಗೆ ಸಿಕ್ಕಿ ನಿತ್ರಾಣಗೊಂಡ ಚಿರತೆ, ಉಪವಾಸ ಕೂತು ನಿತ್ರಾಣಗೊಂಡ ಹೋರಾಟಗಾರ. ಎಲ್ಲ ಕಡೆ ಸಾಯುವ ಹಂತದ ಚಿತ್ರ. ಹಾಗಾಗಿ ನನಗೆ ಒಂದು ಭಯ. "ನಿಮಗೆ ನಿತ್ರಾಣ ಇದೆಯೇ?" ಅಂತ ಕೇಳಿದರೆ ನಡೆದುಕೊಂಡು ಬಂದ ಹೆಂಗಸು "ಅಷ್ಟೆಲ್ಲ ಏನಿಲ್ಲ" ಅಂದುಬಿಡಬಹುದು.

ಪದಪ್ರಿಯೆ

ಇದು ನಿಜವಾದ ತೊಂದರೆ. ನಾನು ಯೋಚಿಸಿರಲಿಲ್ಲ. ಹಾಗಾದರೆ ಪದ ಒಂದನ್ನೇ ನಂಬದೆ, ನರ್ಸಮ್ಮನವರ ರೀತಿಯಲ್ಲೇ ಕೇಳೋಣ ಅನಿಸುತ್ತಿದೆ. ಹೀಗೆ ಬರೆದಿದ್ದೇನೆ, ನೋಡಿ.

ಮೊದಲ ಪ್ರಶ್ನೆ: ದಿನದ ಕೆಲಸ ಮುಗಿಸಿದ ಮೇಲೆ ನಿಮಗೆ ತುಂಬಾ ದಣಿವಾಗುತ್ತದೆಯೇ? ಮಲಗಿ ಎದ್ದ ಮೇಲೆ ಅದು ಹೋಗುತ್ತದೆಯೇ?

ಎರಡನೆಯದು: ಹೆಚ್ಚು ಕೆಲಸ ಮಾಡದಿದ್ದ ದಿನವೂ ಮೈಯಲ್ಲಿ ಶಕ್ತಿ ಇಲ್ಲ, ತ್ರಾಣ ಇಲ್ಲ ಅನಿಸುತ್ತದೆಯೇ? ಮೊದಲು ಸಲೀಸಾಗಿ ಮಾಡುತ್ತಿದ್ದ ಯಾವ ಕೆಲಸ ಈಗ ಕಷ್ಟವಾಗಿದೆ?

ನಿತ್ರಾಣ ಬಿಟ್ಟು "ತ್ರಾಣ ಇಲ್ಲ" ಅಂತ ಮಾಡಿದ್ದೇನೆ. ಮೇಷ್ಟ್ರು ಹೇಳಿದಂತೆ ಜನ ಆಡುವುದೇ ಹಾಗೆ. ಸಾಯುವ ಹಂತದ ಚಿತ್ರವೂ ಬರುವುದಿಲ್ಲ.

ಕನ್ನಡ ಮೇಷ್ಟ್ರು

ಬಹಳ ಚೆನ್ನಾಗಿದೆ. ಬಿಡಿಸಿ ಹೇಳಿದಾಗ ಪದ ಹಗುರವಾಯಿತು, ಅರ್ಥ ಹಾಗೇ ಉಳಿಯಿತು.

ನಿವೃತ್ತ ನರ್ಸಮ್ಮ

ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಹೌದು, ಇಲ್ಲ ಅನ್ನುವ ಚೌಕ ಮಾತ್ರ ಕೊಡಬೇಡಿ. ಎರಡು ಸಾಲು ಖಾಲಿ ಜಾಗ ಬಿಡಿ. ಅಲ್ಲಿ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲು ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ಕೊಡ, ಮೆಟ್ಟಿಲು, ಒನಕೆ, ಏನು ಹೇಳುತ್ತಾರೋ ಅದೇ. ಮತ್ತೆ, ಗಂಡ ಅಥವಾ ಅತ್ತೆ ಪಕ್ಕದಲ್ಲಿ ನಿಂತಿದ್ದರೆ ಈ ಪ್ರಶ್ನೆ ಆಗ ಕೇಳಬೇಡಿ, ಒಬ್ಬರೇ ಇದ್ದಾಗ ಕೇಳಿ. ಜೊತೆಯಲ್ಲಿ ಯಾರಾದರೂ ಇದ್ದರೆ "ಏನಿಲ್ಲ, ಚೆನ್ನಾಗಿದ್ದೀನಿ" ಅಂತಲೇ ಉತ್ತರ ಬರುತ್ತದೆ.

ಬೆಣ್ಣಿಹಳ್ಳದ ಓದುಗ

ನಮ್ಮ ಕಡೆಗೆ ಕಳಿಸುವ ಪ್ರತಿಯಲ್ಲಿ "ತ್ರಾಣ ಇಲ್ಲ" ಪಕ್ಕದಲ್ಲೇ "ಕಸುವಿಲ್ಲ" ಅಂತಲೂ ಸೇರಿಸಿ. ಓದಿ ಹೇಳುವವರಿಗೆ ಅನುಕೂಲ ಆಗುತ್ತದೆ.

ಪದಪ್ರಿಯೆ

ಸೇರಿಸಿದೆ. ಖಾಲಿ ಜಾಗವನ್ನೂ ಬಿಟ್ಟಿದ್ದೇನೆ. ಒಬ್ಬರೇ ಇದ್ದಾಗ ಕೇಳಬೇಕು ಅನ್ನುವುದನ್ನು ಸೂಚನೆಯ ಮೊದಲ ಸಾಲಿಗೆ ತಂದಿದ್ದೇನೆ.